ತರಗೆಲೆಗೆ ಕಣ್ಣು ಬಂದಾಗ

18 ಫೆಬ್ರುವರಿ 2024, ಭಾನುವಾರ
ಗಣೇಶಗುಡಿ

ಬೆಳಿಗ್ಗೆ ಎಂಟರಿಂದ ಒಂದೇ ಪೊದೆಯನ್ನು ದಿಟ್ಟಿಸುತ್ತಿದ್ದೆ. ಜೊತೆಗಿದ್ದ ಗೈಡ್ ಪಿಸುಗುಟ್ಟಿದರು: "ನಿಮ್ಮ ಕಣ್ಣ ಮುಂದೇ ಐತ್ರಿ ಸರ್, ಆ ಬಳ್ಳಿ ಎಡಕ್ಕ ನೋಡ್ರಿ." ನನಗೆ ಕಂಡದ್ದು ಬಳ್ಳಿಗೆ ಸಿಕ್ಕಿಕೊಂಡ ಎರಡು ತರಗೆಲೆ ಅಷ್ಟೇ. ಅದರಲ್ಲೊಂದು ಹಳದಿ ಕಣ್ಣನ್ನು ಗೀರಿನಷ್ಟು ತೆರೆದು ಮತ್ತೆ ಮುಚ್ಚಿತು!

ಕಪ್ಪೆಬಾಯಿ ಹಕ್ಕಿ, ಇಂಗ್ಲಿಷಿನ ಶ್ರೀಲಂಕಾ ಫ್ರಾಗ್‌ಮೌತ್. ಎಷ್ಟು ವರ್ಷದ ಆಸೆ ಇದು. ಜಗತ್ತಿನಲ್ಲಿ ಈ ಜಾತಿ ಇರುವುದು ನಮ್ಮ ಪಶ್ಚಿಮ ಘಟ್ಟದಲ್ಲಿ ಮತ್ತು ಶ್ರೀಲಂಕಾದಲ್ಲಿ ಮಾತ್ರ.

ಗಾತ್ರ ಗೊರವಂಕದಷ್ಟೇ, ಸುಮಾರು 23 ಸೆಂ.ಮೀ. ಆದರೆ ತಲೆ ಮಾತ್ರ ದೊಡ್ಡದು, ಕೊಕ್ಕು ಅಗಲ, ಅದರ ಬುಡದಲ್ಲಿ ಮೀಸೆಯಂಥ ಬಿರುಗೂದಲು. ಬೂದುಗಂದು ಮೈಮೇಲೆ ಬಿಳಿ ಚುಕ್ಕೆ ಇದ್ದದ್ದು ಗಂಡು, ಇಟ್ಟಿಗೆಗೆಂಪಿನದು ಹೆಣ್ಣು. ಭುಜಕ್ಕೆ ಭುಜ ತಾಗಿಸಿ ಕೂತಿದ್ದವು. ನನ್ನ ಕಾಲಡಿ ಕಡ್ಡಿಯೊಂದು ಮುರಿದದ್ದೇ ತಡ, ಗಂಡು ಕೊಕ್ಕನ್ನು ನಿಧಾನವಾಗಿ, ಬಹಳ ನಿಧಾನವಾಗಿ ಆಕಾಶಕ್ಕೆತ್ತಿತು. ಈಗದು ಎಲೆಯಲ್ಲ, ಮುರಿದ ಕೊಂಬೆಯ ಮೋಟು. ಹಾರಿ ತಪ್ಪಿಸಿಕೊಳ್ಳುವುದಕ್ಕಿಂತ ಕಾಣದಂತೆ ಕೂರುವುದನ್ನೇ ಅದು ನಂಬಿರುವುದು.

ನತ್ತಿಂಗ ಎಂಬ ಇರುಳುಹಕ್ಕಿಯ (ನೈಟ್‌ಜಾರ್) ದೂರದ ನೆಂಟ ಎನ್ನಬಹುದು. ಅದರಂತೆಯೇ ಇದೂ ರಾತ್ರಿ ಹುಳು ಹಿಡಿಯುವುದು. ಆದರೆ ನತ್ತಿಂಗ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ, ಇದಕ್ಕೆ ಮರವೇ ಬೇಕು. ತನ್ನದೇ ಮೆತ್ತನೆಯ ಪುಕ್ಕಗಳಿಂದ ಅಂಗೈಗಿಂತ ಚಿಕ್ಕ ದಿಂಬು ಮಾಡಿ, ಹೊರಗೆ ಕಲ್ಲುಹೂವು, ತೊಗಟೆಯ ಚೂರು ಅಂಟಿಸಿ ಕೊಂಬೆಯ ಗಂಟೇನೋ ಎನ್ನುವಂತೆ ಮಾಡುತ್ತದೆ. ಅದರಲ್ಲಿ ಒಂದೇ ಒಂದು ಬಿಳಿ ಮೊಟ್ಟೆ. ಹಗಲು ಗಂಡಿನ ಕಾವು, ರಾತ್ರಿ ಹೆಣ್ಣಿನದು.

ಅದಕ್ಕೇ ಇವತ್ತು ಸಿಟ್ಟು ಬಂತು. ಹಿಂದೆ ಬಂದ ಒಬ್ಬರು ಫೋಟೋಕ್ಕೆ ಅಡ್ಡವಾಗುತ್ತದೆಂದು ಬಳ್ಳಿ ಹಿಡಿದು ಎಳೆದರು. ಗೈಡ್ ಕೈ ಹಿಡಿದು ತಡೆದರು. ಇದು ಗೂಡಿನ ಕಾಲ. ಇವತ್ತಿನ ಜೋಡಿ ಬರೀ ವಿಶ್ರಾಂತಿಗೆ ಕೂತಿತ್ತು, ಸರಿ. ಕಾವಿಗೆ ಕೂತ ಗಂಡು ಹೀಗೆ ಬೆದರಿ ಎದ್ದರೆ ಆ ಒಂದೇ ಮೊಟ್ಟೆಯ ಗತಿ?

ನಾವು ಹತ್ತು ನಿಮಿಷಕ್ಕೇ ಹಿಂದೆ ಸರಿದೆವು. ಅವೆರಡೂ ಕದಲಿರಲಿಲ್ಲ.

ರಾತ್ರಿ 7.40. ಇದನ್ನು ಬರೆಯುತ್ತಿರುವಾಗಲೇ ಕಾಡಿನ ಕಡೆಯಿಂದ ಹೆಣ್ಣು ಕಪ್ಪೆಬಾಯಿಯ ಕರ್ಕಶ ಕೂಗು, ಮೇಲಿಂದ ಕೆಳಕ್ಕೆ ಜಾರುವಂಥದ್ದು. ಇನ್ನೊಮ್ಮೆ ಬಂತು. ಪೆನ್ನು ಇಟ್ಟು ಹೊರಗೆ ಹೋಗುತ್ತೇನೆ.