ಶೀಟ್ ಪೈಲ್ ಗುಂಡಿಯ ಕೊಂಡಿಗಳನ್ನು ನೀರು ಬಿಗಿ ಮಾಡುವುದು: 31ನೇ ದಿನದವರೆಗಿನ ದಾಖಲೆ

ಪಂಪ್ ಕೋಣೆಗಾಗಿ ಅಗೆಯುವ ಗುಂಡಿಯ ಸುತ್ತ ಶೀಟ್ ಪೈಲ್ ಗೋಡೆ: ಹಲಗೆಯಂಥ ಉದ್ದ ಉಕ್ಕಿನ ತುಂಡುಗಳನ್ನು (ಪೈಲ್) ಅಂಚಿನ ಕೊಂಡಿಗಳಿಂದ ಒಂದಕ್ಕೊಂದು ಸಿಕ್ಕಿಸಿ ನೆಲದೊಳಗೆ ಇಳಿಸಿದ್ದು. ಗೋಡೆ ಸಾಲಿನ ಅಳತೆ 12 ಮೀ × 8.4 ಮೀ. ಯು ಆಕಾರದ ಹಾಟ್ ರೋಲ್ಡ್ ಪೈಲ್, ಒಂದೊಂದೂ 600 ಮಿಮೀ ಅಗಲ, 9 ಮೀ ಉದ್ದ, ಒಟ್ಟು 68. ಮೇಲೆ 1 ಮೀ ತುಂಬಿದ ಮಣ್ಣು, ಅಲ್ಲಿಂದ 6.5 ಮೀ ಆಳದವರೆಗೆ ಮರಳು, ಆಮೇಲೆ ಗಟ್ಟಿ ಜೇಡಿ. ನೆಲದಿಂದ 1 ಮೀ ಕೆಳಗೆ ನೀರು ಸಿಗುತ್ತದೆ. ಅಗೆಯಬೇಕಾದದ್ದು 5 ಮೀ. ಅಂದರೆ ಗುಂಡಿಯ ತಳದ ಮಟ್ಟದಲ್ಲಿ ಹೊರಗಿನಿಂದ 4 ಮೀ ನೀರು ಒತ್ತುತ್ತಿರುತ್ತದೆ. ಪೈಲ್ ಜೇಡಿಯೊಳಗೆ 2.5 ಮೀ ಕೂರುವುದರಿಂದ ಬುಡದ ಅಡಿಯಿಂದ ನೀರು ಸುತ್ತಿ ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಉಕ್ಕಿನ ಮೂಲಕ ನೀರು ಬಾರದು. ಉಳಿದದ್ದು ಕೊಂಡಿ ಮಾತ್ರ. ಈ ದಾಖಲೆ ಅಷ್ಟಕ್ಕೇ. ಒಳಗಿನ ಆನಿಕೆ ಚೌಕಟ್ಟಿನ ಲೆಕ್ಕ ಇಲ್ಲಿಲ್ಲ.

ಆರಂಭದ ಲೆಕ್ಕ

68 ಪೈಲ್ ಸುತ್ತುಗಟ್ಟಿದರೆ 68 ಕೊಂಡಿ. ಎರಡೆರಡನ್ನು ಅಂಗಳದಲ್ಲೇ ಜೋಡಿ ಮಾಡಿ ವೆಲ್ಡ್ ಮಾಡಿದರೆ 34 ಕೊಂಡಿಗಳ ಚಿಂತೆ ಅಲ್ಲಿಗೇ ಮುಗಿಯಿತು. ನೆಲದೊಳಗೆ ಸೇರುವ 34ಕ್ಕೆ ಮಾತ್ರ ಸೀಲಂಟ್ (ಸಂದಿ ಮುಚ್ಚುವ ಅಂಟು) ಬೇಕು. ಯು ಪೈಲ್‌ಗೆ ಇದರಿಂದ ಇನ್ನೊಂದು ಲಾಭವೂ ಇದೆ. ಬ್ರೆಮೆನ್‌ನ ಇಂಜಿನಿಯರ್ ಲಾರ್ಸೆನ್ 1902ರಲ್ಲಿ ಬಳಕೆಗೆ ತಂದ ಈ ಜಾತಿಯ ಪೈಲ್‌ನಲ್ಲಿ ಕೊಂಡಿ ಗೋಡೆಯ ದಪ್ಪದ ನಡುಮಧ್ಯೆ ಬೀಳುತ್ತದೆ. ಗೋಡೆ ಬಾಗುವಾಗ ಒಂದು ಪೈಲ್ ಇನ್ನೊಂದರ ಮೇಲೆ ಜಾರಲು ನೋಡುವುದು ಅಲ್ಲೇ. ಜೋಡಿಯ ವೆಲ್ಡ್ ಆ ಜಾರಾಟವನ್ನೂ ತಡೆಯುತ್ತದೆ.

ಸೀಲಂಟ್ ಆಯ್ಕೆಗೆ ಶೀಟ್ ಪೈಲ್ ಕೆಲಸದ ಯುರೋಪಿಯನ್ ಮಾನದಂಡ ಇಎನ್ 12063 ಕೊಡುವ ಸೂತ್ರ ಸಾಕು. ಕೊಂಡಿಯ ಒಂದು ಮೀಟರ್ ಉದ್ದದಲ್ಲಿ ಬರುವ ನೀರು ಆ ಮಟ್ಟದ ನೀರಿನ ಎತ್ತರದ ವ್ಯತ್ಯಾಸವನ್ನು ಸೀಲಂಟ್‌ನ ಸೋರಿಕೆ ಗುಣಾಂಕದಿಂದ ಗುಣಿಸಿದಷ್ಟು. ಒತ್ತಡ ಮೇಲೆ ಸೊನ್ನೆ, ಕೆಳಗೆ 4 ಮೀ ಇರುವುದರಿಂದ ಇಡೀ ಕೊಂಡಿಗೆ ಗುಣಾಂಕ × 4² ÷ 2. ಡಾಂಬರಿನಂಥ ಬಿಟುಮೆನ್ ಸೀಲಂಟ್‌ಗೆ 6×10⁻⁸ ಮೀ/ಸೆ ಹಿಡಿದರೆ ಒಂದು ಕೊಂಡಿಗೆ ಗಂಟೆಗೆ 1.7 ಲೀಟರ್, 34ಕ್ಕೆ ಸುಮಾರು 59 ಲೀಟರ್, ದಿನಕ್ಕೆ 1,400 ಲೀಟರ್. ತಾತ್ಕಾಲಿಕ ಗುಂಡಿಯಾಗಿದ್ದರೆ ಒಂದು ಸಣ್ಣ ಪಂಪಿಗೆ ಇದು ಏನೂ ಅಲ್ಲ, ಅಗ್ಗದ ಬಿಟುಮೆನ್ನೇ ಸರಿ. ಈ ಗೋಡೆ ಹಾಗೇ ಉಳಿದು ಪಂಪ್ ಕೋಣೆಯಾಗಬೇಕು. ಅದಕ್ಕೇ ನೀರು ತಗುಲಿದರೆ ಉಬ್ಬುವ ಪಾಲಿಯುರೆಥೇನ್. ಅದರ ಗುಣಾಂಕ 5×10⁻¹¹ರ ಆಸುಪಾಸು. ಲೆಕ್ಕದ ಪ್ರಕಾರ 34 ಕೊಂಡಿಗೂ ಸೇರಿ ಗಂಟೆಗೆ 50 ಮಿಲಿಲೀಟರ್. ಖಾಲಿ ಕೊಂಡಿಗೆ ಈ ಸೂತ್ರ ನಡೆಯುವುದಿಲ್ಲ. ಅಲ್ಲಿ ನೀರು ಬಿರುಕಿನೊಳಗೆ ಹರಿದ ಹಾಗೆ ಹರಿಯುತ್ತದೆ, ಮರಳು ಕಟ್ಟಿಕೊಂಡಷ್ಟೂ ಪ್ರಮಾಣ ಬದಲಾಗುತ್ತಲೇ ಇರುತ್ತದೆ.

ದಿನ 1–5: ಅಂಗಳದ ವೆಲ್ಡಿಂಗ್

ಮೊದಲು ಪ್ರತಿ ಕೊಂಡಿಯೊಳಗೂ 300 ಮಿಮೀ ಉದ್ದದ ಕತ್ತರಿಸಿದ ಕೊಂಡಿ ತುಂಡನ್ನು ತುದಿಯಿಂದ ತುದಿಗೆ ಎಳೆದು ನೋಡಲಾಯಿತು. ನಾಲ್ಕು ಪೈಲ್‌ಗಳಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಸಾಗಣೆಯಲ್ಲಿ ಸರಪಳಿ ಬಿಗಿದ ಜಾಗದಲ್ಲಿ ತುಟಿ ಒಳಕ್ಕೆ ಮಡಚಿತ್ತು. ಸುತ್ತಿಗೆಯಿಂದ ತೆರೆದು, ಗ್ರೈಂಡರ್ ಹಿಡಿದು ಸರಿಪಡಿಸಿದ್ದಾಯಿತು. ಈ ಪರೀಕ್ಷೆಗೆ ಒಂದು ಪೈಲ್‌ಗೆ ಐದು ನಿಮಿಷ ಸಾಕು. ಬಿಟ್ಟರೆ ಅದೇ ಜಾಗದಲ್ಲಿ ಪೈಲ್ ನೆಲದೊಳಗೆ ಬಿಗಿದು ನಿಲ್ಲುತ್ತದೆ, ಇಲ್ಲವೇ ಕೊಂಡಿಯಿಂದ ಕಳಚಿಕೊಳ್ಳುತ್ತದೆ.

ಜೋಡಿಯ ನಡುವಿನ ವೆಲ್ಡ್ ಗುಂಡಿಯ ಕಡೆ ಬರುವ ಮುಖದಲ್ಲಿ, ಮೇಲಿನಿಂದ 7 ಮೀಟರ್‌ವರೆಗೆ. ಅಗೆಯುವುದೇ 5 ಮೀ ಎಂದಮೇಲೆ 7 ಯಾಕೆ? ಕೊಂಡಿ ಎಂದರೆ ನೆಟ್ಟಗೆ ನಿಂತ ಟೊಳ್ಳು ಕೊಳವೆ. 5 ಮೀಟರ್‌ಗೆ ವೆಲ್ಡ್ ನಿಲ್ಲಿಸಿದರೆ ನೀರು ಕೊಳವೆಯೊಳಗೆ ಕೆಳಗಿಳಿದು, ವೆಲ್ಡ್ ಮುಗಿದಲ್ಲಿಂದ ಹೊರಬಿದ್ದು, ತಳದ ಕಾಂಕ್ರೀಟ್ ಕೆಳಗಿನ ಮರಳಿಗೆ ಸೇರುತ್ತದೆ. ಅಲ್ಲಿ ಒತ್ತಡ ಕಟ್ಟಿ ಕಾಂಕ್ರೀಟನ್ನೇ ಮೇಲೆತ್ತುತ್ತದೆ. ಜೇಡಿಯೊಳಗೆ ಅರ್ಧ ಮೀಟರ್ ಹೊಕ್ಕಮೇಲೆ ಆ ಹಾದಿ ಇಲ್ಲ. ಹೀಗೆ 34 × 7 = 238 ಮೀಟರ್ ವೆಲ್ಡ್.

ವೆಲ್ಡ್ ಕಡ್ಡಿ (ಎಲೆಕ್ಟ್ರೋಡ್) ಇ7018 ದರ್ಜೆಯದು, ಒಲೆಯಲ್ಲಿ ಒಣಗಿಸಿದ್ದು. ಕೊಂಡಿಯ ಸಂದಿಯಲ್ಲಿ ತೇವ, ತುಕ್ಕು, ರೋಲಿಂಗ್ ಎಣ್ಣೆ ಉಳಿದಿದ್ದರೆ ವೆಲ್ಡ್ ತುಂಬ ಸೂಜಿ ತೂತುಗಳೇ. ಹಾಗಾಗಿ ವೈರ್ ಬ್ರಷ್, ನಂತರ ಗ್ಯಾಸ್ ಜ್ವಾಲೆಯಿಂದ ಕೈ ಇಡಲಾಗದಷ್ಟು ಬಿಸಿ, ಆಮೇಲೆ ವೆಲ್ಡ್. ಮೊದಲ ಜೋಡಿಯನ್ನು ಒಂದು ತುದಿಯಿಂದ ಒಂದೇ ಸಮನೆ ಎಳೆದಿದ್ದರಿಂದ 9 ಮೀಟರ್‌ಗೆ 12 ಮಿಮೀ ಬಿಲ್ಲಿನಂತೆ ಬಾಗಿತು. ಶೇಕಡ 0.2ರ ಮಿತಿ, ಅಂದರೆ 18 ಮಿಮೀ, ದಾಟಿಲ್ಲವಾದರೂ ಬಾಗಿದ ಜೋಡಿ ಪಕ್ಕದ ಕೊಂಡಿಯನ್ನು ಉಜ್ಜಿ ಸೀಲಂಟ್ ಕೆರೆದುಬಿಡುತ್ತದೆ. ಎರಡನೆಯದರಿಂದ ನಡುವಿನಿಂದ ಶುರುಮಾಡಿ, ಅರ್ಧ ಮೀಟರ್ ತುಂಡು ತುಂಡಾಗಿ, ಆ ಕಡೆ ಒಂದು ಈ ಕಡೆ ಒಂದು ಎಂದು ಹಿಂದಕ್ಕೆ ಎಳೆಯಲಾಯಿತು. ಬಾಗು 5 ಮಿಮೀಗೆ ಇಳಿಯಿತು.

ವೆಲ್ಡ್ ಪರೀಕ್ಷೆಗೆ ಸೀಮೆಎಣ್ಣೆ ಮತ್ತು ಸುಣ್ಣ. ವೆಲ್ಡ್ ಮೇಲೆ ಸುಣ್ಣದ ತಿಳಿ ಬಳಿದು ಒಣಗಿಸಿ, ಹಿಂದಿನಿಂದ ಸಂದಿಗೆ ಸೀಮೆಎಣ್ಣೆ ಹಚ್ಚಿದರೆ ತೂತಿದ್ದಲ್ಲಿ ಬಿಳಿ ಸುಣ್ಣದ ಮೇಲೆ ಕಲೆ ಮೂಡುತ್ತದೆ. 238 ಮೀಟರ್‌ನಲ್ಲಿ 11 ಕಲೆ, ಹೆಚ್ಚಿನವು ಅರ್ಧ ಮೀಟರ್ ತುಂಡುಗಳು ಸೇರುವ ಜಾಗದಲ್ಲಿ. ಎಲ್ಲವನ್ನೂ ಅಗೆದು ಮತ್ತೆ ತುಂಬಲಾಯಿತು. ನಾಲ್ಕು ಮೂಲೆಗಳಿಗೆ ಮೂಲೆ ಕೊಂಡಿಯ ಪಟ್ಟಿಯನ್ನು ಒಂದೊಂದು ಪೈಲ್‌ಗೆ ಪೂರ್ತಿ ಉದ್ದ ವೆಲ್ಡ್ ಮಾಡಿದ್ದಾಯಿತು.

ದಿನ 6–9: ಸೀಲಂಟ್

ಯಾವ ಕೊಂಡಿಗೆ ಹಾಕಬೇಕು ಎಂಬುದರಲ್ಲೇ ಬಹಳ ಮಂದಿ ತಪ್ಪುತ್ತಾರೆ. ಇಳಿಯುತ್ತಿರುವ ಪೈಲ್‌ಗೆ ಎರಡು ಕೊಂಡಿ: ಒಂದು ಈಗಾಗಲೇ ನೆಲದಲ್ಲಿರುವ ಪೈಲ್‌ಗೆ ಸಿಕ್ಕಿಸುವ ಹಿಂದಿನ ಕೊಂಡಿ, ಇನ್ನೊಂದು ಮುಂಬರುವ ಪೈಲ್‌ಗಾಗಿ ಖಾಲಿ ಇಳಿಯುವ ಮುಂದಿನ ಕೊಂಡಿ. ಸೀಲಂಟ್ ಹಿಂದಿನದಕ್ಕೆ. ಮುಂದಿನದಕ್ಕೆ ಹಾಕಿದರೆ ಮರಳಿನಲ್ಲಿ 9 ಮೀಟರ್ ಉಜ್ಜಿಕೊಂಡು ಹೋಗಿ ಅರ್ಧ ಅಲ್ಲೇ ಮುಗಿಯುತ್ತದೆ. ಅದೂ ಸಾಲದೆಂದು ಮುಂದಿನ ಪೈಲ್ ಬರುವ ಮೊದಲೇ ನೀರು ಕುಡಿದು ಉಬ್ಬಿರುತ್ತದೆ.

ಖಾಲಿ ಇಳಿಯುವ ಕೊಂಡಿಯೊಳಗೆ ಮರಳು ತುಂಬಬಾರದು. ತುಂಬಿದರೆ ಆ ಗಟ್ಟಿ ಮರಳೇ ಮುಂದೆ ಬರುವ ಸೀಲಂಟನ್ನು ಉಳಿಯಂತೆ ಕೆರೆಯುತ್ತದೆ. ಅದಕ್ಕೆ ಕೊಂಡಿಯ ಕೆಳಬಾಯಿಗೆ ಎಂ20 (20 ಮಿಮೀ ದಪ್ಪದ) ಬೋಲ್ಟ್ ಒಂದನ್ನು ಚುಕ್ಕೆ ವೆಲ್ಡ್‌ನಿಂದ ಹಿಡಿಸಿ ಬಿರಡೆ ಹಾಕಲಾಗಿದೆ. ವೆಲ್ಡ್ ಹೆಚ್ಚು ಗಟ್ಟಿ ಇರಬಾರದು, ಮುಂದಿನ ಪೈಲ್ ತುಸು ಆಳಕ್ಕೆ ಹೋದರೆ ಬಿರಡೆ ಕಳಚಿ ಬೀಳಬೇಕು. ಸೀಲಂಟ್ ಹಾಕಿದ ಕೊಂಡಿಯ ಕೆಳತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಲಾಗಿದೆ, ದಾರಿಯಲ್ಲಿ ಸಿಕ್ಕ ಮಣ್ಣು ಪಕ್ಕಕ್ಕೆ ಸರಿಯಲೆಂದು.

ಸೀಲಂಟ್ ಗೆರೆಯ ಅಡ್ಡಕೊಯ್ತ ಸುಮಾರು 1 ಚದರ ಸೆಂಮೀ, ಮೀಟರ್‌ಗೆ 100 ಮಿಲಿ. 34 × 9 = 306 ಮೀಟರ್‌ಗೆ 31 ಲೀಟರ್; ಪೋಲಾಗುವುದೂ ಸೇರಿ 36 ಲೀಟರ್ ತರಿಸಲಾಗಿತ್ತು. ಕೊಂಡಿ ಒಣಗಿರಬೇಕು, ಒತ್ತಡದ ಗಾಳಿ ಊದಿರಬೇಕು, ಹಚ್ಚಿದ ಮೇಲೆ 24 ಗಂಟೆ ಮುಟ್ಟಬಾರದು. ಕೊಂಡಿಯ ಬಾಯಿ ತುಂಬುವಷ್ಟು ಸುರಿಯುವ ಆಸೆ ಬೇಡ. ಇನ್ನೊಂದು ತುಟಿಗೆ ಜಾಗ ಬೇಕಲ್ಲ. ಹೆಚ್ಚಾದದ್ದು ಸುರುಳಿಯಾಗಿ ಕಿತ್ತು ಬರುವಾಗ ಅಂಟಿಕೊಂಡದ್ದನ್ನೂ ಎಳೆದುಕೊಂಡು ಬರುತ್ತದೆ.

8ನೇ ದಿನ ರಾತ್ರಿ ಮಳೆ. ಟಾರ್ಪಾಲಿನ್ ಜಾರಿದ್ದ ಮೂರು ಜೋಡಿಗಳ ಸೀಲಂಟ್ ಬೆಳಗ್ಗೆ ಊದಿಕೊಂಡಿತ್ತು. ಒಣಗಿದರೆ ಮತ್ತೆ ಕುಗ್ಗುತ್ತದೆ ನಿಜ, ಆದರೆ ಅಂಚಿನಲ್ಲಿ ಉಕ್ಕಿನಿಂದ ಬಿಟ್ಟುಕೊಂಡಿರುವುದು ಕೂಡಿಕೊಳ್ಳುವುದಿಲ್ಲ. ಮೂರನ್ನೂ ಕೆರೆದು ಹೊಸದಾಗಿ ಹಚ್ಚಲಾಯಿತು.

ದಿನ 11–18: ಇಳಿಸುವುದು

ಇಲ್ಲಿ ಎರಡು ಒಳ್ಳೆಯ ಪದ್ಧತಿಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಗೋಡೆ ನೆಟ್ಟಗಿರಬೇಕಾದರೆ ಕೆಲವು ಜೋಡಿಗಳನ್ನು ಒಟ್ಟಿಗೆ ನಿಲ್ಲಿಸಿ ಹಂತ ಹಂತವಾಗಿ ಇಳಿಸಬೇಕು. ಒಂದೊಂದನ್ನೇ ಪೂರ್ತಿ ಇಳಿಸುತ್ತಾ ಹೋದರೆ ಹಿಂದಿನ ಕೊಂಡಿಯ ಕಡೆ ಮಾತ್ರ ಉಜ್ಜಾಟ ಇರುವುದರಿಂದ ಪೈಲ್‌ಗಳ ತಲೆ ಸಾಗುವ ದಿಕ್ಕಿಗೆ ವಾಲುತ್ತಾ ಹೋಗುತ್ತದೆ. ಉಬ್ಬುವ ಸೀಲಂಟ್‌ಗೋ ಹಂತ ಹಂತ ಆಗದು. ನೀರು ತಗುಲಿ ಒಂದೆರಡು ಗಂಟೆಯೊಳಗೆ ಪೈಲ್ ತನ್ನ ಆಳ ಸೇರಬೇಕು, ಇಲ್ಲದಿದ್ದರೆ ಅರ್ಧ ಉಬ್ಬಿದ ಸೀಲಂಟ್ ಮುಂದಿನ ಬಡಿತಕ್ಕೆ ಹರಿಯುತ್ತದೆ.

ಹಿಡಿದ ದಾರಿ ಇದು: ಪೈಲ್ ನೆಟ್ಟಗೆ ಹಿಡಿಯುವ ಎರಡು ಮಟ್ಟದ ಗೈಡ್ ಫ್ರೇಮ್‌ನಲ್ಲಿ ನಾಲ್ಕು ಜೋಡಿ ನಿಲ್ಲಿಸಿ, ಎಲ್ಲವನ್ನೂ 0.8 ಮೀಟರ್‌ವರೆಗೆ ಮಾತ್ರ ಇಳಿಸುವುದು. ಅದು ನೀರಿನ ಮಟ್ಟಕ್ಕಿಂತ ಮೇಲೆ. ತೂಗುಗುಂಡು ಹಿಡಿದು ಎರಡು ದಿಕ್ಕಿನಲ್ಲೂ ನೋಡಿ ಸರಿಮಾಡಿ, ಆಮೇಲೆ ಒಂದೊಂದನ್ನು ನಿಲ್ಲಿಸದೆ 9 ಮೀಟರ್‌ಗೆ ಇಳಿಸುವುದು. ಅರ್ಧ ಇಳಿದ ಪೈಲ್ ಊಟದ ವೇಳೆಗೂ ಉಳಿಯಬಾರದು.

ಪೈಲನ್ನು ಅದುರಿಸಿ ಇಳಿಸುವ ವೈಬ್ರೊ ಹ್ಯಾಮರ್‌ನಲ್ಲಿ ಪ್ರತಿ ಮೀಟರ್‌ಗೆ ಹಿಡಿದ ಸಮಯ ಬರೆದುಕೊಳ್ಳಲಾಗಿದೆ. ಮರಳಿನಲ್ಲಿ ಮೀಟರ್‌ಗೆ 20ರಿಂದ 30 ಸೆಕೆಂಡ್, ಜೇಡಿಯಲ್ಲಿ 60ರಿಂದ 90. ಎರಡು ನಿಮಿಷ ದಾಟಿದರೆ ನಿಲ್ಲಿಸಬೇಕೆಂಬ ನಿಯಮ. ಇಳಿಯದ ಪೈಲನ್ನು ಅಲುಗಿಸುತ್ತಾ ಇದ್ದರೆ ಕೊಂಡಿ ಕಾದು ಹೊಗೆ ಬರುತ್ತದೆ, ಸೀಲಂಟ್ ಸುಟ್ಟು ಕರಕಲಾಗುತ್ತದೆ. 17ನೇ ಕೊಂಡಿಯಲ್ಲಿ 5ನೇ ಮೀಟರ್‌ಗೆ 110 ಸೆಕೆಂಡ್ ಹಿಡಿಯಿತು, ಅಕ್ಕಪಕ್ಕದವಕ್ಕೆ ಅಲ್ಲಿ 25. ಮಿತಿಯೊಳಗಿದ್ದ ಕಾರಣ ಮುಂದುವರಿಸಲಾಯಿತು. ಅದು ತಪ್ಪು ನಿರ್ಧಾರ. ಮರಳಿನಲ್ಲಿ ಒಂದೇ ಪೈಲ್ ನಾಲ್ಕು ಪಟ್ಟು ನಿಧಾನವಾದರೆ ಅಡ್ಡಿ ಮಣ್ಣಿನಲ್ಲಲ್ಲ, ಕೊಂಡಿಯೊಳಗೆ.

ಸುತ್ತು ಮುಚ್ಚುವುದನ್ನು ಮೂಲೆಯಲ್ಲಿ ಇಟ್ಟುಕೊಳ್ಳದೆ ಉದ್ದ ಬದಿಯ ನಡುವೆ ಇಟ್ಟುಕೊಳ್ಳಲಾಗಿತ್ತು. ಕೊನೆಯ ಐದು ಜೋಡಿಗಳನ್ನು ನೆಲದ ಮೇಲೆಯೇ ಒಂದಕ್ಕೊಂದು ಸಿಕ್ಕಿಸಿ ಸುತ್ತು ಮುಚ್ಚಿ, ನಂತರ ಇಳಿಸಲಾಯಿತು. ಜಾಗ 14 ಮಿಮೀ ಕಡಿಮೆ ಇತ್ತು. ಆ ಜೋಡಿಗಳ ಕೊಂಡಿಗಳ ಸಡಿಲದಲ್ಲಿ ಅದು ಹಂಚಿಹೋಯಿತು. ಗೋಡೆಯ ವಾಲಿಕೆ ಎಲ್ಲೂ ಶೇಕಡ 0.7 ಮೀರಿಲ್ಲ. ಇಎನ್ 12063 ನೆಲದ ಮೇಲಿನ ಕೆಲಸಕ್ಕೆ ಶೇಕಡ 1ರವರೆಗೆ ಒಪ್ಪುತ್ತದೆ.

ದಿನ 24: ತಳ ಮುಟ್ಟಿದಾಗ

34ರಲ್ಲಿ 31 ಕೊಂಡಿ ಒಣಗಿವೆ. 17ನೆಯದು 4.2 ಮೀ ಆಳದಿಂದ ಕೆಳಗೆ ಹರಿಯುತ್ತಿದೆ. ಕೆಳಗೆ ಜೇಡಿಯ ಕಟ್ಟೆ ಕಟ್ಟಿ ಪಾತ್ರೆಗೆ ಬಿಟ್ಟು ಅಳೆದರೆ 95 ಸೆಕೆಂಡ್‌ಗೆ ಒಂದು ಲೀಟರ್, ಗಂಟೆಗೆ 38 ಲೀಟರ್. ಮೂರನೇ ಮೂಲೆಯಿಂದ ಗಂಟೆಗೆ 5. 26ನೇ ಕೊಂಡಿ ಬರೀ ತೇವ. ಪಂಪ್ ನಿಲ್ಲಿಸಿ ಎರಡು ಗಂಟೆ ಕಾದಾಗ 1.2 × 1.2 ಮೀ ಸಂಪ್‌ನಲ್ಲಿ ನೀರು 64 ಮಿಮೀ ಏರಿತು: 92 ಲೀಟರ್, ಗಂಟೆಗೆ 46. ಲೆಕ್ಕ ತಾಳೆಯಾಗುತ್ತದೆ.

17ರಿಂದ ಬರುವ ನೀರು ತಿಳಿ, ಮರಳಿಲ್ಲ. ಇದನ್ನು ಮೊದಲು ನೋಡಬೇಕು. ಮರಳು ಬರುತ್ತಿದ್ದರೆ ಕೊಂಡಿ ಕಳಚಿಕೊಂಡಿರುವ ಸಾಧ್ಯತೆ ಇದೆ, ಹೊರಗೆ ನೆಲ ಕುಸಿಯುತ್ತಿರುತ್ತದೆ. ಆಗ ಒಳಗಿನಿಂದ ತೇಪೆ ಹಾಕುವುದಲ್ಲ, ಅಗೆತ ನಿಲ್ಲಿಸಿ ಹೊರಗಿನಿಂದ ಗ್ರೌಟ್ (ಸಿಮೆಂಟ್ ಗಸಿ ಒತ್ತಿ ತುಂಬುವುದು) ಮಾಡಬೇಕು. ಇಲ್ಲಿ ಬಿರಡೆ ಬೇಗ ಬಿದ್ದು ಕೊಂಡಿಯಲ್ಲಿ ಮರಳು ತುಂಬಿ ಸೀಲಂಟ್ ಕೆರೆದುಹೋಗಿದೆ ಅಷ್ಟೇ. ತಂತಿ ತೂರಿಸಿದಾಗ ಸೀಲಂಟ್‌ನ ಸುರುಳಿ ತುಂಡುಗಳು ಹೊರಬಂದವು.

(ತೆರೆದ ನೀರಿನಲ್ಲಿ ನಿಂತ ಗೋಡೆಯಾಗಿದ್ದರೆ ಹೊರಗಿನಿಂದ ಕೊಂಡಿಯ ಬಳಿ ಮರದ ಹೊಟ್ಟು, ಬೂದಿ ಸುರಿಯುವ ಹಳೆಯ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ನೀರೇ ಅದನ್ನು ಸಂದಿಗೆ ಎಳೆದು ತುಂಬುತ್ತದೆ. ಹೊರಗೆ ಮಣ್ಣಿರುವಾಗ ಆ ದಾರಿಯಿಲ್ಲ.)

ದಿನ 25–27: ಹರಿಯುವ ಕೊಂಡಿಗೆ ವೆಲ್ಡ್

ನೀರು ಹರಿಯುತ್ತಿರುವಾಗ ಸಂದಿಯ ಮೇಲೆ ನೇರ ವೆಲ್ಡ್ ನಿಲ್ಲುವುದಿಲ್ಲ. ಆವಿ ಕರಗಿದ ಉಕ್ಕನ್ನು ಊದಿ ತೂತು ಮಾಡುತ್ತದೆ. ಮೊದಲು ನೀರಿಗೆ ಬೇರೆ ದಾರಿ ತೋರಿಸಬೇಕು. ಸಂದಿಗೆ ಸೀಸದ ಉಣ್ಣೆಯನ್ನು (ಸೀಸದ ಸಣ್ಣ ಎಳೆಗಳ ಕಟ್ಟು) ಮೊಂಡು ಉಳಿಯಿಂದ ಮೇಲಿನಿಂದ ಕೆಳಕ್ಕೆ ಬಡಿದು ತುಂಬಲಾಯಿತು. ಹರಿವು ಒಸರಿಗೆ ಇಳಿಯಿತು. ಅದರ ಮೇಲೆ 80 × 8 ಮಿಮೀ ಪಟ್ಟಿಯನ್ನು ಕೊಂಡಿಯ ಉಬ್ಬಿಗೆ ಹೊಂದುವಂತೆ ಮಡಚಿ ಇಡಲಾಯಿತು. ಪಟ್ಟಿಯ ಕೆಳತುದಿಯಲ್ಲಿ ಅರ್ಧ ಅಂಗುಲದ ಕೊಳವೆ, ಅದಕ್ಕೊಂದು ವಾಲ್ವ್. ವಾಲ್ವ್ ತೆರೆದಿಟ್ಟರೆ ಪಟ್ಟಿಯ ಹಿಂದೆ ಒತ್ತಡ ಕಟ್ಟದು, ಅಂಚುಗಳು ಒಣಗಿರುತ್ತವೆ. ಎರಡೂ ಅಂಚಿಗೆ 6 ಮಿಮೀ ಫಿಲೆಟ್ (ಮೂಲೆ ತುಂಬುವ) ವೆಲ್ಡ್ ಎರಡು ಸುತ್ತು. ಎರಡನೇ ಸುತ್ತಿನ ಸೇರುವೆ ಮೊದಲನೆಯದರ ಮೇಲೆ ಬೀಳದಂತೆ. ವೆಲ್ಡ್ ತಣ್ಣಗಾದ ಮೇಲೆ ವಾಲ್ವ್ ಮುಚ್ಚಿ ಒಂದು ರಾತ್ರಿ ಬಿಡಲಾಯಿತು. ಒಸರಿಲ್ಲ. ನಂತರ ಕೊಳವೆ ಕತ್ತರಿಸಿ ಬಿರಡೆ ವೆಲ್ಡ್.

ಪಟ್ಟಿಯನ್ನು ತಳಕ್ಕಿಂತ 400 ಮಿಮೀ ಕೆಳಗಿನವರೆಗೆ ಇಳಿಸಲು ಅಲ್ಲಿ ಸಣ್ಣ ಹೊಂಡ ತೋಡಬೇಕಾಯಿತು. ತಳದ ಮಟ್ಟಕ್ಕೇ ನಿಲ್ಲಿಸಿದ್ದರೆ ನೀರು ಪಟ್ಟಿಯ ಕೆಳಗಿನಿಂದ ಕಾಂಕ್ರೀಟ್ ಸಂದಿಗೆ ಬರುತ್ತಿತ್ತು. ಮೂಲೆಯದ್ದು ವೆಲ್ಡ್‌ನಲ್ಲಿ ಉಳಿದ ಸೂಜಿ ತೂತು; ತೂತಿನ ಸುತ್ತ ಮೊನೆಯುಳಿಯಿಂದ ಲೋಹವನ್ನೇ ಬಡಿದು ಮುಚ್ಚಿ, ಒಣಗಿಸಿ, ಮೇಲೆ ಒಂದು ಸುತ್ತು ವೆಲ್ಡ್.

ಮತ್ತೆ ಸಂಪ್ ಪರೀಕ್ಷೆ: ಎರಡು ಗಂಟೆಗೆ 4 ಮಿಮೀ ಏರಿಕೆ, ಗಂಟೆಗೆ ಸುಮಾರು 3 ಲೀಟರ್. ತಳದ ಮರಳಿನಲ್ಲಿ ಉಳಿದ ನೀರು ಬಸಿಯುವುದೂ ಇದರಲ್ಲೇ ಸೇರಿದೆ.

ದಿನ 31: ಈಗಿನ ಸ್ಥಿತಿ

ತಳದ ಕಾಂಕ್ರೀಟ್ ದಪ್ಪದ ನಡುಮಟ್ಟದಲ್ಲಿ ಗೋಡೆಯ ಸುತ್ತ 100 × 8 ಮಿಮೀ ಪಟ್ಟಿಯನ್ನು ಅಡ್ಡಲಾಗಿ ವೆಲ್ಡ್ ಮಾಡಲಾಗುತ್ತಿದೆ. ಕಾಂಕ್ರೀಟ್ ಕುಗ್ಗಿ ಉಕ್ಕಿನಿಂದ ಕೂದಲೆಳೆ ಬಿಟ್ಟರೂ ನೀರು ಇದನ್ನು ಸುತ್ತಿ ಬರಬೇಕು. ಪಟ್ಟಿಯ ಕೆಳಗೆ ಉಬ್ಬುವ ರಬ್ಬರ್ ಪಟ್ಟಿ ಬರುತ್ತದೆ. ಅದನ್ನು ಕಾಂಕ್ರೀಟ್ ಸುರಿಯುವ ದಿನವೇ ಅಂಟಿಸಬೇಕು. ನಾಲ್ಕು ಬದಿಗಳಲ್ಲಿ ಮೂರು ಮುಗಿದಿವೆ. ಯು ಪೈಲ್‌ನ ಒಳತಿರುವುಗಳಲ್ಲಿ ಪಟ್ಟಿಯನ್ನು ಕತ್ತರಿಸಿ ಕೂಡಿಸಬೇಕಾದ್ದರಿಂದ ಇದು ನಿಧಾನದ ಕೆಲಸ, ದಿನಕ್ಕೆ 5 ಮೀಟರ್ ದಾಟುವುದಿಲ್ಲ.

ಬಾಕಿ: ನಾಲ್ಕನೇ ಬದಿಯ 12 ಮೀಟರ್ ಪಟ್ಟಿ, ಅದರ ಸುಣ್ಣ-ಸೀಮೆಎಣ್ಣೆ ಪರೀಕ್ಷೆ, ಸಂಪ್ ಪೈಪ್ ಕಾಂಕ್ರೀಟ್ ದಾಟುವಲ್ಲಿ ನೀರು ತಡೆಯುವ ಉಂಗುರ (ಕಾಲರ್). 26ನೇ ಕೊಂಡಿಯ ತೇವ ಎರಡು ದಿನದಿಂದ ಕುಗ್ಗುತ್ತಿದೆ, ಸೀಲಂಟ್ ಇನ್ನೂ ಉಬ್ಬುತ್ತಿರಬೇಕು. ಕಾಂಕ್ರೀಟ್ ಹಾಕುವ ಹಿಂದಿನ ದಿನವೂ ತೇವ ಉಳಿದಿದ್ದರೆ ಅದಕ್ಕೂ ಪಟ್ಟಿ.