211ನೇ ಸಾಲು

ಆಡಿಟರ್ ಮೇಡಂ ಪೆನ್ಸಿಲ್ ತುದಿಯಿಂದ ಲ್ಯಾಪ್‌ಟಾಪ್ ಪರದೆಯನ್ನು ಮೆಲ್ಲಗೆ ಕುಟ್ಟಿದರು. "ಇವರು ಯಾರು? ಪೇಮೆಂಟ್ ಎಂಟ್ರಿ ಮಾಡೋ ಹಕ್ಕೂ ಇದೆ, ಅಪ್ರೂವ್ ಮಾಡೋ ಹಕ್ಕೂ ಇದೆ."

211ನೇ ಸಾಲು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಧಾರವಾಡದ ಹುಡುಗ ಓದಿಬಿಟ್ಟಿದ್ದ. "ಸರ್, ಇದು ನಿಮ್ಮ ಹೆಸರೇ ಐತಲ್ರೀ," ಅಂದ. ಹೇಳಿದ್ದು ಕನ್ನಡದಲ್ಲಿ. ಆದರೆ ಅವನ ನಗು ಮರಾಠಿ ಮೇಡಂಗೂ ಅರ್ಥವಾಯಿತು.

ಅಂಧೇರಿ ಪೂರ್ವದ ಒಂದು ಫೈನಾನ್ಸ್ ಕಂಪನಿಯಲ್ಲಿ ನನ್ನ ಕೆಲಸವೇ ಇದು. ಯಾರಿಗೆ ಯಾವ ಸಿಸ್ಟಂನಲ್ಲಿ ಎಷ್ಟು ಆಕ್ಸೆಸ್ ಇದೆ ಅಂತ ಮೂರು ತಿಂಗಳಿಗೊಮ್ಮೆ ಪಟ್ಟಿ ತೆಗೆದು, ಆಯಾ ಮ್ಯಾನೇಜರಿಗೆ ಕಳಿಸಿ, "ಇವರಿಗೆ ಇದು ಇನ್ನೂ ಬೇಕಾ?" ಅಂತ ಕೇಳುವುದು. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯ ಬಾಗಿಲೇ ತೆರೆದಿತ್ತು.

ಆಗಿದ್ದು ಇಷ್ಟು. 2016ರಲ್ಲಿ ನಾನು ಸೇರಿದ್ದು ಅಕೌಂಟ್ಸ್‌ಗೆ, ಬಿಲ್ ಎಂಟ್ರಿ ಮಾಡಲು. ಎರಡು ವರ್ಷಕ್ಕೆ ಸೀನಿಯರ್ ಆದೆ, ಅಪ್ರೂವಲ್ ಬಂತು. ಆಮೇಲೆ ಐಟಿ, ಅಲ್ಲಿಂದ ಸೆಕ್ಯುರಿಟಿ. ಪ್ರತಿ ಸಲ ಹೊಸದು ಸೇರಿತು, ಹಳೆಯದು ಅಲ್ಲೇ ಉಳಿಯಿತು. ಹೊಸ ಆಕ್ಸೆಸ್ ಸಿಗಲಿಲ್ಲ ಅಂದರೆ ಜನ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ ತಲೆ ತಿನ್ನುತ್ತಾರೆ. "ನನ್ನ ಹಳೆಯದು ಇನ್ನೂ ಇದೆ, ತೆಗೀರಿ" ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಫೋನ್ ಮಾಡಿಲ್ಲ. ನಾನೂ ಮಾಡಿರಲಿಲ್ಲ. ನನ್ನ ಸಾಲನ್ನು ನೋಡಬೇಕಾದ ಬಾಸ್ ಕೈಕೆಳಗೆ 40 ಜನ. ಅವರು ಮೇಲಿನ ಚೌಕಕ್ಕೆ ಒಂದೇ ಟಿಕ್ ಹಾಕಿ ಇಡೀ ಪಟ್ಟಿಗೆ ಓಕೆ ಅನ್ನುವುದು ನನಗೆ ಗೊತ್ತಿತ್ತು. ಸುಮ್ನೆ ಯಾಕೆ ಅಂತ ಬಿಟ್ಟಿದ್ದೆ.

"ಆಕ್ಸೆಸ್ ಇದೆ ಅಷ್ಟೇ, ಬಳಸಿಲ್ಲ," ಅಂದೆ. ಮೇಡಂ ಏನೂ ಮಾತಾಡದೆ ಪೇಮೆಂಟ್ ದಾಖಲೆ ತರಿಸಿದರು. ಎಂಟ್ರಿ ಮತ್ತು ಅಪ್ರೂವಲ್ ಎರಡೂ ಒಬ್ಬರದೇ ಇರುವ ಪೇಮೆಂಟ್ ಎಷ್ಟು? ಎರಡು. ಏಪ್ರಿಲ್ 2020.

ಆಗ ನೆನಪಾಯಿತು. ಲಾಕ್‌ಡೌನ್. ಎಲ್ಲರಿಗೂ ಬಾಡಿಗೆ ಲ್ಯಾಪ್‌ಟಾಪ್ ತರಿಸಿದ್ದೆವು, ಹಣ ಕಟ್ಟದಿದ್ದರೆ ಮುಂದಿನ ಕಂತು ಕಳಿಸುವುದಿಲ್ಲ ಅಂತ ಬಾಡಿಗೆಗೆ ಕೊಟ್ಟವನು ಹಟ ಹಿಡಿದಿದ್ದ. ಅಕೌಂಟ್ಸ್ ಮ್ಯಾನೇಜರಿಗೆ ಮನೆಯಿಂದ ಲಾಗಿನ್ ಆಗುತ್ತಿರಲಿಲ್ಲ. "ನಿಮ್ಮ ಹತ್ರ ಹಳೆ ರೋಲ್ ಇದೆಯಲ್ವಾ, ಮುಗಿಸಿಬಿಡಿ," ಅಂತ ಫೋನಿನಲ್ಲಿ ಹೇಳಿದ್ದರು. ಮುಗಿಸಿದ್ದೆ. ಮೇಲ್ ಇಲ್ಲ, ಸಹಿ ಇಲ್ಲ. ಆ ಮ್ಯಾನೇಜರ್ ಈಗ ಕಂಪನಿಯಲ್ಲೂ ಇಲ್ಲ.

ಸಿಸ್ಟಂ ಯಾಕೆ ತಡೆಯಲಿಲ್ಲ? ನಮ್ಮದು ರೋಲ್ ಆಧಾರದ ವ್ಯವಸ್ಥೆ. ಹಕ್ಕು ಕುರ್ಚಿಗೆ, ಕೂತವನಿಗಲ್ಲ ಅನ್ನುವ ಈ ಯೋಚನೆಯನ್ನು 1992ರಲ್ಲಿ ಫೆರಾಯೊಲೊ ಮತ್ತು ಕುನ್ ಅನ್ನುವ ಇಬ್ಬರು ಅಮೆರಿಕದವರು ಒಂದು ಪ್ರಬಂಧದಲ್ಲಿ ಬಿಡಿಸಿ ಹೇಳಿದ್ದರು. ಸಾವಿರ ಜನರ ಹಕ್ಕನ್ನು ಒಬ್ಬೊಬ್ಬರಂತೆ ಲೆಕ್ಕ ಇಡುವ ತಲೆನೋವು ಅದರಿಂದ ಹೋಯಿತು. ನಮ್ಮ ಸಿಸ್ಟಂ ಎಂಟ್ರಿ ಕುರ್ಚಿ ಬೇರೆ, ಅಪ್ರೂವಲ್ ಕುರ್ಚಿ ಬೇರೆ ಅಂತ ನೋಡುತ್ತಿತ್ತು. ಎರಡರಲ್ಲೂ ಕೂತವನು ಒಬ್ಬನೇನಾ ಅಂತ ನೋಡುತ್ತಿರಲಿಲ್ಲ. ಆ ಒಂದು ನಿಯಮವನ್ನು ಹಾಕಲು ಯಾರೋ ಮರೆತಿದ್ದರು.

ಸಂಜೆ ಮೆಟ್ರೋದಲ್ಲಿ ಘಾಟ್ಕೋಪರ್‌ಗೆ ಬಂದೆ. ಕಾರ್ಡೋ ಟಿಕೆಟ್ಟೋ ತೋರಿಸದೆ ಅಲ್ಲಿನ ಗೇಟ್ ತೆರೆಯುವುದಿಲ್ಲ. ಅದೇ ಜನ, ನಾಲ್ಕು ಹೆಜ್ಜೆ ನಡೆದು ಲೋಕಲ್ ಪ್ಲಾಟ್‌ಫಾರ್ಮ್‌ಗೆ ಇಳಿದರೆ ಗೇಟೇ ಇಲ್ಲ. ಆ ಜನಸಾಗರಕ್ಕೆ ಗೇಟ್ ಹಾಕಿದರೆ ಮುಂಬೈ ನಿಂತೇ ಹೋಗುತ್ತದೆ. ಅಲ್ಲಿರುವುದು ಟಿಸಿ ಮತ್ತು ದಂಡದ ಭಯ. ಮೆಟ್ರೋ ಮೊದಲೇ ತಡೆಯುತ್ತದೆ, ಲೋಕಲ್ ಆಮೇಲೆ ಹಿಡಿಯುತ್ತದೆ. ಟ್ರೇನಿಂಗ್‌ನಲ್ಲಿ ಹೊಸಬರಿಗೆ ನಾನು ಇದೇ ಉದಾಹರಣೆ ಕೊಡುವವನು. ಇವತ್ತು ಟಿಸಿ ಕೈಗೆ ನಾನೇ ಸಿಕ್ಕಿದ್ದೆ, ಅದೂ ವರ್ಷಗಟ್ಟಲೆ ಟಿಕೆಟ್ ಇಲ್ಲದೆ ಓಡಾಡಿ.

ಡೊಂಬಿವಲಿಯ ಮನೆಯಲ್ಲಿ ಮಾವ ಟಿವಿ ಮುಂದೆ ಕೂತಿದ್ದರು. ಕುಂದಾಪುರದ ಕಡೆಯವರು, ಫೋರ್ಟ್‌ನ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದು ರಿಟೈರ್ ಆದವರು. ನನ್ನ ಮುಖ ನೋಡಿ ಕೇಳಿದರು, ಹೇಳಿದೆ. ನನ್ನ ಮಾನ ಉಳಿಸಿಕೊಳ್ಳಲು ಒಂದಿಷ್ಟು ಪುಸ್ತಕದ ಮಾತನ್ನೂ ಸೇರಿಸಿದೆ. 1970ರ ದಶಕದ ಬೆಲ್-ಲಾಪಡುಲಾ ಅನ್ನುವ ಕಂಪ್ಯೂಟರ್ ಭದ್ರತೆಯ ಮಾದರಿಗೆ ಮಿಲಿಟರಿ ಗುಟ್ಟು ಕಾಯುವುದೇ ಮುಖ್ಯ. ಕೆಳಗಿನವನು ಮೇಲಿನ ಕಡತ ಓದಬಾರದು, ಮೇಲಿನವನು ಕೆಳಗಿನ ಕಡತದಲ್ಲಿ ಬರೆಯಬಾರದು. ವ್ಯಾಪಾರಕ್ಕೆ ಗುಟ್ಟಿಗಿಂತ ಲೆಕ್ಕ ಕೆಡದಿರುವುದು ದೊಡ್ಡದು, ಅದಕ್ಕೆ ಒಂದೇ ಕೆಲಸವನ್ನು ಇಬ್ಬರಿಗೆ ಹಂಚಬೇಕು ಅಂತ 1987ರಲ್ಲಿ ಕ್ಲಾರ್ಕ್ ಮತ್ತು ವಿಲ್ಸನ್ ಬರೆದರು.

"ಅಲ್ಲ ಮಾರಾಯ್ರೆ, ಇದನ್ನು ಹೇಳ್ಲಿಕ್ಕೆ ಅಮೆರಿಕದವರು ಬೇಕಾ?" ಅಂದರು ಮಾವ. "ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀ. ಒಂದು ನನ್ನದು, ಒಂದು ಮ್ಯಾನೇಜರದ್ದು. ಮಗಳ ಮದುವೆಗೆ ಹೋಗುವಾಗ ಕೂಡ ಅವರು ರಿಜಿಸ್ಟರಿನಲ್ಲಿ ಬರೆದು ಬೇರೆ ಆಫೀಸರ್ ಕೈಗೆ ಕೀ ಕೊಟ್ಟು ಹೋದರು. ನನ್ನ ಕೈಗೆ ಕೊಡ್ಲಿಲ್ಲ. ಇಪ್ಪತ್ತು ವರ್ಷದ ಸ್ನೇಹ ಮಾರಾಯ್ರೆ, ದಿನಾ ಒಟ್ಟಿಗೆ ಊಟ."

"ಬೇಜಾರಾಗ್ಲಿಲ್ವಾ ಮಾವ?"

"ಯಾಕೆ ಬೇಜಾರು? ಎರಡೂ ಕೀ ನನ್ನ ಹತ್ರ ಇದ್ದಿದ್ರೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ನಾಳೆ ಹತ್ತು ರೂಪಾಯಿ ಕಮ್ಮಿ ಬಂದ್ರೆ ಯಾರನ್ನು ಕೇಳ್ತಾರೆ?"

ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕದ್ದವನನ್ನು ಹಿಡಿಯಲಿಕ್ಕೆ ಈ ನಿಯಮ ಅಂತ ನಾನು ಅಷ್ಟು ವರ್ಷ ಪಾಠ ಮಾಡಿದ್ದೆ. ಕದಿಯದವನ ನಿದ್ದೆಗೂ ಅದು ಬೇಕು ಅಂತ ಗೊತ್ತಾಗಿದ್ದು ಎರಡು ಲ್ಯಾಪ್‌ಟಾಪ್ ಬಿಲ್ಲಿಗಾಗಿ ಬೆವರಿದ ಆ ದಿನ.

ಮರುದಿನ ಹಳೆ ಫೈಲಿನಲ್ಲಿ ಬಿಲ್ಲುಗಳು ಸಿಕ್ಕಿದವು, ಮೊತ್ತ ತಾಳೆಯಾಯಿತು. ಮೇಡಂ ರಿಪೋರ್ಟಿನಲ್ಲಿ ಅದನ್ನು ಬರೆದೇ ಬರೆದರು, ಬರೆಯಬೇಕಾದ್ದೇ. ನನ್ನ ಹಳೆ ರೋಲ್‌ಗಳನ್ನು ತೆಗೆಯಲು ಧಾರವಾಡದ ಹುಡುಗ ಸಿಸ್ಟಂನಲ್ಲಿ ಟಿಕೆಟ್, ಅಂದರೆ ಕೋರಿಕೆ, ಹಾಕಿದ. ಐದು ನಿಮಿಷಕ್ಕೆ ನನಗೊಂದು ಮೇಲ್ ಬಂತು. ಆ ಟಿಕೆಟ್ಟನ್ನು ಅಪ್ರೂವ್ ಮಾಡಬೇಕಾದವನು ನಾನೇ.

"ಮಾಡಿಬಿಡ್ರಿ ಸರ್, ಯಾರ್ ನೋಡ್ತಾರ?" ಅಂತ ಅವನು ಬಿದ್ದು ಬಿದ್ದು ನಕ್ಕ. ನಾನು ಬಾಸ್‌ಗೆ ಕಳಿಸಿದೆ. ಒಂದು ನಿಮಿಷದೊಳಗೆ ಅಪ್ರೂವ್ ಆಗಿ ಬಂತು. ಅವರು ತೆರೆದು ಓದಿದ್ದರೋ ಇಲ್ಲವೋ, ನಾನು ಕೇಳಲಿಲ್ಲ.