ಆಟಿಯ ಗಾಳಿ, ಅಡಿಕೆ ಮರದ ಸಂಕ

ಬದಿಯಡ್ಕದ ಬಳಿಯ ನಮ್ಮ ಊರಿನಲ್ಲಿ ನೆರೆಮನೆಗೆ ಹೋಗಬೇಕಾದರೆ ಒಂದು ತೋಟವನ್ನೂ ಒಂದು ತೋಡನ್ನೂ (ಸಣ್ಣ ಹಳ್ಳ) ದಾಟಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಮಳೆಗೆ ಹೆದರುವವರು ಕಡಿಮೆ, ಹೆದರಿಕೆಯೇನಿದ್ದರೂ ಗಾಳಿಯದು. ಕಳೆದ ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ರಾತ್ರಿ ಬೀಸಿದ ಗಾಳಿಗೆ ನಮ್ಮ ತೋಟದ 17 ಅಡಿಕೆ ಮರಗಳು ನಡುವಿನಲ್ಲೇ ಮುರಿದವು, ತೋಡಿನ ಸಂಕ, ಅಂದರೆ ಕಾಲುಸೇತುವೆ, ಕೊಚ್ಚಿಹೋಯಿತು.

ಬೆಳಗ್ಗೆ ಕೊಡೆ ಹಿಡಿದು ಹೊರಟ ನನ್ನನ್ನು ಆಚೆ ದಡದಲ್ಲಿದ್ದ ಬ್ಯಾರಿ ನೆರೆಯವರು ಕೂಗಿ ತಡೆದರು: “ಭಟ್ರೇ, ಇಳಿಯಬೇಡಿ, ಕರೆಂಟಿನ ಸರಿಗೆ ನೀರಿನಲ್ಲುಂಟು!” ಫೋನಿಗೆ ಯಾರೂ ಸಿಗದಿದ್ದಾಗ ಅವರ ಮಗನೇ ಬೈಕಿನಲ್ಲಿ ಹೋಗಿ ಲೈನ್‌ಮನ್‌ನನ್ನು ಕರೆತಂದ. ಸರಿಗೆ ತೆಗೆದ ಮೇಲೆ ನಾಲ್ಕು ಮನೆಯವರು ಸೇರಿ, ಬಿದ್ದ ಮರಗಳಲ್ಲೇ ಐದನ್ನು ಆರಿಸಿ, ತೋಡಿಗೆ ಅಡ್ಡಲಾಗಿ ಒತ್ತೊತ್ತಾಗಿ ಮಲಗಿಸಿ, ಬಳ್ಳಿಯಿಂದ ಬಿಗಿದೆವು. ನಾನು ಹಾಕಿದ ಗಂಟು ಎರಡು ಸಲ ಬಿಚ್ಚಿಕೊಂಡಿತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಮಾತಿಲ್ಲದೆ ನನ್ನನ್ನು ಬದಿಗೆ ಸರಿಸಿ, ಹಸಿ ಬಳ್ಳಿಯನ್ನು ಮೊದಲು ತಿರುಚಿ, ಆಮೇಲೆ ಸುತ್ತಿದರು.

ಕರೆಂಟು ಬಂದದ್ದು ನಾಲ್ಕನೆಯ ದಿನ. ಅಲ್ಲಿಯವರೆಗೆ ಸೋಲಾರ್ ಇದ್ದ ಒಂದೇ ಮನೆಯ ಜಗಲಿಯಲ್ಲಿ ಎಲ್ಲರ ಫೋನುಗಳು ಸರದಿ ಕಾಯುತ್ತಿದ್ದವು. ಕಾಯುವವರಿಗೆ ಪತ್ರೊಡೆ ಸಿಗುತ್ತಿದ್ದುದರಿಂದ ಕೆಲವರ ಬ್ಯಾಟರಿ ಬೇಗನೆ ಖಾಲಿಯಾಗುತ್ತಿತ್ತೆಂಬ ಗುಮಾನಿ ನನಗಿದೆ.

ಮಳೆ ಬಿಟ್ಟ ಮೊದಲ ದಿನವೇ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮುಗಳು ಆ ಸಂಕದ ಮೇಲೆಯೇ ದಾಟಿದವು.